ಪಿಸ್ತಾ ಮರವೋ, ಅದರ ದಾಯಾದಿಯೋ? ನೆಡುವ ಮುನ್ನ ಅಳೆದು ನೋಡಬೇಕಾದ್ದು

ಪಿಸ್ತಾಸಿಯಾ ಎಂಬ ಒಂದೇ ಕುಲದ ಹೆಸರಿನಲ್ಲಿ ನರ್ಸರಿಗಳು ಐದಾರು ಬಗೆಯ ಸಸಿ ಮಾರುತ್ತವೆ. ತಿನ್ನುವ ಪಿಸ್ತಾ (ಪಿಸ್ತಾಸಿಯಾ ವೆರಾ), ಮಸ್ತಗಿ ಅಂಟು ಕೊಡುವ ಲೆಂಟಿಸ್ಕಸ್, ಟರ್ಪೆಂಟೈನ್ ಎಂಬ ಮಾತಿಗೇ ಮೂಲವಾದ ಟೆರೆಬಿಂತಸ್, ಬೆಟ್ಟಗಾಡಿನ ಅಟ್ಲಾಂಟಿಕಾ, ಹಿಮಾಲಯದ ಇಂಟೆಗೆರಿಮಾ, ನೆರಳಿಗೂ ಬಣ್ಣಕ್ಕೂ ಹೆಸರಾದ ಚೈನೆನ್ಸಿಸ್. ಎಲ್ಲವೂ ಮಾವು, ಗೇರುಗಳ ಕುಟುಂಬಕ್ಕೆ ಸೇರಿದವು. ಎಳೆಯ ಸಸಿಯಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ತಂದವರು ಕಡಿಮೆಯಿಲ್ಲ. ತಪ್ಪು ತಿಳಿಯುವುದು ಏಳೆಂಟು ವರ್ಷಗಳ ಮೇಲೆ, ಮರ ಹೂ ಬಿಟ್ಟಾಗ.

ಹೆಚ್ಚಿನವರು ಕಾಯಿ ನೋಡಿ ಮರ ಆರಿಸುತ್ತಾರೆ. ಆದರೆ ಈ ಕುಲದಲ್ಲಿ ತೀರ್ಮಾನ ಮಾಡುವುದು ನಿಮ್ಮ ನೆಲದ ಚಳಿಗಾಲ ಮತ್ತು ಮಣ್ಣಿನಡಿಯ ಬೇರು. ಕಾಯಿಯ ಮಾತು ಆಮೇಲೆ.

ಮೊದಲು ಅಳತೆಗೋಲು

ಏನು ಬೇಕು ಎಂಬುದನ್ನು ಒಂದೇ ಪದದಲ್ಲಿ ಬರೆದಿಡಿ: ಬೀಜ, ಅಂಟು, ಎಣ್ಣೆ, ನೆರಳು. ಎರಡು ಪದ ಬರೆದರೆ ಒಂದನ್ನು ಹೊಡೆದುಹಾಕಿ. ಬೀಜಕ್ಕೆ ಬೆಳೆಸಿದ ಪಿಸ್ತಾ ಮರದ ತೊಗಟೆ ಕೊಯ್ದರೆ ಅಂಟು ಬರುತ್ತದೆ, ಮಾರುವಂಥದ್ದಲ್ಲ, ಮರಕ್ಕೂ ಗಾಯ. ಮಸ್ತಗಿ ಗಿಡದಲ್ಲಿ ಕಾಯಿ ಬರುತ್ತದೆ, ಮೆಣಸಿನ ಕಾಳಿನಷ್ಟು.

ಎರಡನೆಯದು ಚಳಿಯ ಗಂಟೆಗಳು. ಎಲೆ ಉದುರಿದಂದಿನಿಂದ ಚಿಗುರೊಡೆಯುವ ತನಕ ಉಷ್ಣಾಂಶ 0ರಿಂದ 7 ಡಿಗ್ರಿ ಸೆಲ್ಸಿಯಸ್ ನಡುವೆ ಎಷ್ಟು ಗಂಟೆ ಇತ್ತು ಎಂದು ಕೂಡಿಸಿ. ರಾತ್ರಿಯ ಕನಿಷ್ಠ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಗಂಟೆಗೊಮ್ಮೆ ದಾಖಲಿಸುವ ಉಪಕರಣವೇ ಬೇಕು. ಒಂದು ಚಳಿಗಾಲದ ಲೆಕ್ಕ ಸಾಲದು, ಕನಿಷ್ಠ ಮೂರಾದರೂ ಇರಲಿ. ಅವುಗಳಲ್ಲಿ ಅತಿ ಕಡಿಮೆ ಬಂದದ್ದನ್ನೇ ನಂಬಿ, ಸರಾಸರಿಯನ್ನಲ್ಲ. ಮರ ಐವತ್ತು ವರ್ಷ ನಿಲ್ಲುವಂಥದ್ದು, ಕೆಟ್ಟ ವರ್ಷಗಳು ಬಂದೇ ಬರುತ್ತವೆ.

ಮೂರನೆಯದು ನೆಲ. ಮೊಣಕಾಲು ಮುಳುಗುವಷ್ಟು ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೆಯ ಸಲ ತುಂಬಿದ ನೀರು ಮರುದಿನವೂ ನಿಂತಿದ್ದರೆ ಆ ಜಾಗದಲ್ಲಿ ಈ ಕುಲದ ಯಾವ ಮರವೂ ಬೇಡ. ಉಪ್ಪು ನೀರು, ಸುಣ್ಣದ ಮಣ್ಣು, ಬರ ಎಲ್ಲವನ್ನೂ ಸಹಿಸುವ ಮರಗಳು ಬೇರಿನಡಿ ನಿಂತ ನೀರನ್ನು ಸಹಿಸಲಾರವು. ಜತೆಗೆ ಅಲ್ಲಿ ಹಿಂದೆ ಯಾವ ಬೆಳೆ ಇತ್ತೆಂದು ವಿಚಾರಿಸಿ. ಹತ್ತಿ, ಟೊಮೆಟೊ, ಆಲೂಗಡ್ಡೆ ಬೆಳೆದ ನೆಲದಲ್ಲಿ ವರ್ಟಿಸಿಲಿಯಂ ಎಂಬ ಶಿಲೀಂಧ್ರ ವರ್ಷಗಟ್ಟಲೆ ಮಲಗಿರುತ್ತದೆ. ಬೇರಿನ ಆಯ್ಕೆ ನಿಂತಿರುವುದೇ ಇದರ ಮೇಲೆ.

ನಾಲ್ಕನೆಯದು ಕಾಯುವ ಶಕ್ತಿ ಮತ್ತು ಕೈಗಳ ಲೆಕ್ಕ. ಬೀಜಕ್ಕೆ ಯಂತ್ರ ಬೇಕು, ಅಂಟಿಗೆ ಜನ ಬೇಕು.

ಇನ್ನು ಗಂಡು-ಹೆಣ್ಣು. ಈ ಕುಲದ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂವಿಗೆ ಎಸಳಿಲ್ಲ, ಜೇನುನೊಣ ಉಪಯೋಗಕ್ಕೆ ಬಾರದು, ಪರಾಗ ಹೊರುವುದು ಗಾಳಿ. ಒಂದೇ ಸಸಿ ನೆಟ್ಟು ಕಾಯಿಗೆ ಕಾಯುವವರಿಗೆ ಬರುವುದು ನೆರಳು ಮಾತ್ರ.

ತಿನ್ನುವ ಪಿಸ್ತಾ: ಚಳಿ ಇದ್ದರೆ ಮಾತ್ರ

ಇದಕ್ಕೆ ಚಳಿಗಾಲ ನಿಜವಾದ ಚಳಿಗಾಲವಾಗಿರಬೇಕು, ಬೇಸಿಗೆ ಉದ್ದವಾಗಿ, ಬಿಸಿಯಾಗಿ, ಒಣಗಿರಬೇಕು. ಹೂ ಬಿಡುವಾಗ ಮಳೆಯೂ ಮಂಜುಗಡ್ಡೆಯೂ ಬೇಡ. ಇರಾನಿನ ಕೆರ್ಮಾನ್ ಸೀಮೆ, ತುರ್ಕಿಯ ಗಾಜಿಯಾಂಟೆಪ್, ಕ್ಯಾಲಿಫೋರ್ನಿಯಾದ ನಡುಕಣಿವೆ, ಎಲ್ಲ ಕಡೆಯೂ ಹವಾಮಾನ ಇದೇ ಬಗೆಯದು. ಬೇಸಿಗೆ ತೇವವಾಗಿದ್ದರೆ ಗೊಂಚಲು ಕಪ್ಪಗೆ ಒಣಗಿಸುವ ಬೊಟ್ರಿಯೋಸ್ಫೇರಿಯಾ, ಎಲೆ ಉದುರಿಸುವ ಆಲ್ಟರ್ನೇರಿಯಾ ಎಂಬ ಶಿಲೀಂಧ್ರಗಳು ಬೆನ್ನು ಬಿಡುವುದಿಲ್ಲ.

ಕೆರ್ಮಾನ್ ಎಂಬ ತಳಿಯ ಕಥೆ ಈ ಮರದ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ. ಅಮೆರಿಕದ ಸಸ್ಯ ಸಂಗ್ರಾಹಕ ವಿಲಿಯಂ ವೈಟ್‌ಹೌಸ್ 1929ರಲ್ಲಿ ಇರಾನಿಗೆ ಹೋಗಿ ತಂದ ಬೀಜಗಳಲ್ಲಿ ಒಂದರಿಂದ ಹುಟ್ಟಿದ ಮರ ಅದು. ತಳಿಯಾಗಿ ಬಿಡುಗಡೆಯಾದದ್ದು 1957ರಲ್ಲಿ. ದೊಡ್ಡ ಕಾಯಿ, ಒಳ್ಳೆಯ ಇಳುವರಿ. ಆದರೆ ಸುಮಾರು 900ರಿಂದ 1,000 ಗಂಟೆ ಚಳಿ ಕೇಳುತ್ತದೆ. ಜಳ್ಳೂ, ಬಾಯಿ ಬಿಡದ ಕಾಯಿಯೂ ಹೆಚ್ಚು. ಇದರ ಜೋಡಿ ಗಂಡು ಪೀಟರ್ಸ್. ಚಳಿ ಸಾಲದ ವರ್ಷ ಪೀಟರ್ಸ್ ತಡವಾಗಿ ಅರಳುತ್ತದೆ, ಹೆಣ್ಣು ಹೂ ಪರಾಗವಿಲ್ಲದೆ ಒಣಗುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಫಸಲು ಹಿಂದಿನ ವರ್ಷದ ಅರ್ಧದಷ್ಟಕ್ಕೆ ಕುಸಿಯಿತು. ಬೆಚ್ಚಗಿನ ಚಳಿಗಾಲದ ಹಿಂದೆಯೇ ಬಂದದ್ದು ಗೊಂಚಲು ಗೊಂಚಲಾಗಿ ಜಳ್ಳು.

ಜಳ್ಳಿನ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. ಪಿಸ್ತಾ ಕಾಯಿ ಮೊದಲು ಚಿಪ್ಪನ್ನು ಪೂರ್ತಿ ಬೆಳೆಸಿಕೊಳ್ಳುತ್ತದೆ, ತಿರುಳು ತುಂಬುವುದು ವಾರಗಳ ನಂತರ. ಬೇಸಿಗೆಯ ಮೊದಲಲ್ಲಿ ಮರದ ತುಂಬ ದಪ್ಪ ಕಾಯಿ ಕಂಡರೂ ಒಳಗೆ ಏನೂ ಇಲ್ಲದಿರಬಹುದು. ತಿರುಳು ತುಂಬುವ ಹೊತ್ತು ಕಳೆದ ಮೇಲೆ ಮರದ ನಾಲ್ಕು ದಿಕ್ಕಿನಿಂದ ನೂರು ಕಾಯಿ ಕಿತ್ತು ಉದ್ದಕ್ಕೆ ಸೀಳಿ ನೋಡಿ. ಜಳ್ಳಿನ ಪ್ರಮಾಣ ಆಗಲೇ ಗೊತ್ತಾಗುತ್ತದೆ, ಕೊಯ್ಲಿನ ಕೂಲಿ ಕೊಟ್ಟ ಮೇಲೆ ಅಲ್ಲ. ಪರಾಗ ಸಾಲದಿರುವುದು, ಬೋರಾನ್ ಕೊರತೆ, ತಿರುಳು ತುಂಬುವಾಗಲೇ ನೀರು ಕಡಿಮೆಯಾದದ್ದು, ಇವು ಸಾಮಾನ್ಯ ಕಾರಣಗಳು.

ಚಳಿ ಸ್ವಲ್ಪ ಕಡಿಮೆ ಇರುವ ಕಡೆ 2005ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಗೋಲ್ಡನ್ ಹಿಲ್ಸ್ ಮೇಲು. ಕೆರ್ಮಾನ್‌ಗಿಂತ ಕಡಿಮೆ ಚಳಿ ಸಾಕು, ಬಾಯಿ ಬಿಟ್ಟ ಕಾಯಿ ಹೆಚ್ಚು, ಕೊಯ್ಲಿಗೂ ಬೇಗ ಬರುತ್ತದೆ. ಜೋಡಿ ಗಂಡು ರ‍್ಯಾಂಡಿ. ಅದರ ಜತೆಗೇ ಬಂದ ಲಾಸ್ಟ್ ಹಿಲ್ಸ್ ಕಾಯಿ ಇನ್ನೂ ದಪ್ಪ, ಆದರೆ ಚಿಪ್ಪು ಸಡಿಲ. ಸಂಸ್ಕರಿಸುವಾಗ ತಿರುಳು ಉದುರಿ ಬೇರೆಯಾಗುತ್ತದೆ. ಚಿಪ್ಪಿನೊಡನೆ ಮಾರುವವರಿಗೆ ಇದು ನಷ್ಟ, ತಿರುಳನ್ನಷ್ಟೇ ಮಾರುವವರಿಗೆ ತೊಂದರೆಯಿಲ್ಲ. ಹೆಣ್ಣು ತಳಿ ಬದಲಿಸಿ ಗಂಡು ಹಳೆಯದನ್ನೇ ಇಟ್ಟುಕೊಂಡರೆ ಹೂವಿನ ಹೊತ್ತು ಹೊಂದುವುದಿಲ್ಲ. ತಳಿಯನ್ನು ಜೋಡಿಯಾಗಿಯೇ ಕೊಳ್ಳಿ.

ಹಳೆಯ ಲೆಕ್ಕದಲ್ಲಿ ಎಂಟು ಹೆಣ್ಣಿಗೆ ಒಂದು ಗಂಡು: ಮೂರನೆಯ ಸಾಲಿಗೊಂದು ಸಾಲು ಹಿಡಿದು, ಆ ಸಾಲಿನಲ್ಲಿ ಮೂರನೆಯ ಮರಕ್ಕೊಂದು. ದೊಡ್ಡ ತೋಟಗಳು ಗಂಡನ್ನು ಇನ್ನೂ ವಿರಳ ಮಾಡುತ್ತವೆ. ನಾಲ್ಕಾರು ಮರದ ಸಣ್ಣ ತೋಟದಲ್ಲಿ ಗಂಡಿಗೆ ಇಡೀ ಜಾಗ ಕೊಡಲು ಮನಸ್ಸಿಲ್ಲದಿದ್ದರೆ ಹೆಣ್ಣು ಮರದ ಒಂದು ಕೊಂಬೆಗೆ ಗಂಡಿನ ಕಣ್ಣು ಕಸಿ ಹಾಕಬಹುದು. ಗಾಳಿ ಬೀಸಿ ಬರುವ ಕಡೆಯ ಕೊಂಬೆಯೇ ಇರಲಿ, ಸವರುವವರು ತಿಳಿಯದೆ ಕತ್ತರಿಸದಂತೆ ಅದಕ್ಕೊಂದು ಬಣ್ಣ ಬಳಿದಿಡಿ. ಮರದಿಂದ ಮರಕ್ಕೆ 5ರಿಂದ 6 ಮೀಟರ್ ಅಂತರ ಬೇಕು. ಪಕ್ಕದಲ್ಲಿ ಟೆರೆಬಿಂತಸ್ ಅಥವಾ ಅಟ್ಲಾಂಟಿಕಾ ಗಂಡಿದ್ದರೆ ಅದೇ ಸಾಕೆಂದು ನೆಚ್ಚಿಕೊಳ್ಳಬೇಡಿ. ಅನ್ಯ ಜಾತಿಯ ಪರಾಗದಿಂದ ಕಾಯಿ ಸಣ್ಣದಾಗುತ್ತದೆ, ಬಾಯಿ ಬಿಡುವುದೂ ಕಡಿಮೆ.

ಮೊದಲ ಕಾಯಿ ಐದರಿಂದ ಏಳನೆಯ ವರ್ಷಕ್ಕೆ, ಪೂರ್ಣ ಇಳುವರಿ ಹನ್ನೆರಡರಿಂದ ಹದಿನೈದಕ್ಕೆ. ಅಷ್ಟಾದರೂ ಪ್ರತಿ ವರ್ಷ ಒಂದೇ ಸಮ ಬರುವುದಿಲ್ಲ. ಕಾಯಿ ತುಂಬಿದ ವರ್ಷ ಮರ ಮುಂದಿನ ವರ್ಷದ ಹೂಮೊಗ್ಗುಗಳನ್ನು ಬೇಸಿಗೆಯಲ್ಲೇ ಉದುರಿಸಿಬಿಡುತ್ತದೆ. ಬುಡದಲ್ಲಿ ಕಂದು ಮೊಗ್ಗುಗಳು ಬಿದ್ದಿದ್ದರೆ ರೋಗವೆಂದು ಔಷಧಿ ಹೊಡೆಯಬೇಡಿ, ಮುಂದಿನ ವರ್ಷದ ಆದಾಯ ಕಡಿಮೆ ಎಂದು ಲೆಕ್ಕ ಬರೆದುಕೊಳ್ಳಿ. ಇಟಲಿಯ ಸಿಸಿಲಿ ದ್ವೀಪದ ಬ್ರೊಂಟೆ ಊರಿನವರು ಈ ಸ್ವಭಾವವನ್ನು ಒಪ್ಪಿಕೊಂಡೇ ಬಿಟ್ಟಿದ್ದಾರೆ: ಎಟ್ನಾದ ಲಾವಾ ಬಂಡೆಗಳ ನಡುವೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ಕೊಯ್ಲು, ಸಮ ವರ್ಷಗಳಲ್ಲಿ ಮೊಗ್ಗನ್ನು ಕೈಯಿಂದಲೇ ತೆಗೆದುಬಿಡುತ್ತಾರೆ.

ಕೊಯ್ಲಿನ ಹೊತ್ತು ತಿಳಿಯಲು ಕಾಯಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಹೊರಸಿಪ್ಪೆ ಜಾರಿ ಚಿಪ್ಪು ಬರಿದಾದರೆ ಹಣ್ಣಾಗಿದೆ, ಅಂಟಿಕೊಂಡೇ ಇದ್ದರೆ ಇನ್ನೂ ಕಾಯಬೇಕು. ಕಿತ್ತ ಮೇಲೆ ಒಂದು ದಿನದೊಳಗೆ ಸಿಪ್ಪೆ ಸುಲಿದು ಒಣಗಿಸಲು ಹಾಕಲೇಬೇಕು. ತಡವಾದರೆ ಸಿಪ್ಪೆಯ ಕಲೆ ಚಿಪ್ಪಿಗೆ ಹತ್ತುತ್ತದೆ, ಅದಕ್ಕಿಂತ ಕೆಟ್ಟದ್ದು ಅಸ್ಪರ್ಜಿಲಸ್ ಬೂಷ್ಟು ಮತ್ತು ಅದರ ಅಫ್ಲಾಟಾಕ್ಸಿನ್ ವಿಷ. ಮರದಲ್ಲೇ ಸಿಪ್ಪೆಸಮೇತ ಬಿರಿದ ಕಾಯಿಗಳಲ್ಲಿ ಹುಳು ಮತ್ತು ಬೂಷ್ಟಿನ ಅಪಾಯ ಹೆಚ್ಚು, ಅವನ್ನು ಆರಿಸಿ ಎಸೆಯಿರಿ. ಸುಲಿದದ್ದನ್ನು ನೀರಿಗೆ ಹಾಕಿದರೆ ಜಳ್ಳು ತೇಲುತ್ತದೆ. ತೇವಾಂಶ 5ರಿಂದ 7 ಶೇಕಡಾಕ್ಕೆ ಇಳಿದ ಮೇಲೆ ಚೀಲಕ್ಕೆ. ತಿರುಳು ಕಡುಹಸಿರಾಗಿ ಸಿಹಿತಿಂಡಿಗೆ ಬೇಕಿದ್ದವರು ಬಾಯಿ ಬಿಡುವ ಮೊದಲೇ ಕೀಳುತ್ತಾರೆ, ಗಾಜಿಯಾಂಟೆಪ್ ಕಡೆ ಹೀಗೆ ಬೇಗ ಕಿತ್ತದ್ದಕ್ಕೇ ಬೇರೆ ಗಿರಾಕಿ. ಬಣ್ಣ ಸಿಗುತ್ತದೆ, ತೂಕ ಕಳೆಯುತ್ತದೆ.

ಕಸಿಯ ಕೆಳಗಿನ ಅರ್ಧ

ಪಿಸ್ತಾ ಸಸಿ ಕೊಳ್ಳುವಾಗ ಎರಡು ಮರ ಕೊಳ್ಳುತ್ತಿದ್ದೀರಿ ಎಂಬುದು ನೆನಪಿರಲಿ. ಮೇಲಿನದು ವೆರಾ, ಬೇರು ದಾಯಾದಿಯದು. ಅಂಗಡಿಯ ಪಿಸ್ತಾ ಹುರಿದದ್ದು, ಮೊಳೆಯುವುದಿಲ್ಲ. ಹಸಿ ಬೀಜ ಸಿಕ್ಕಿ ಮೊಳೆಸಿದರೂ ಅರ್ಧದಷ್ಟು ಗಂಡೇ ಬರುತ್ತವೆ, ಅದೂ ವರ್ಷಗಳ ಮೇಲೆ ತಿಳಿಯುವುದು. ಆದ್ದರಿಂದ ಕಸಿಯೇ ದಾರಿ.

ಚಳಿ ತಡೆಯುವ ಲೆಕ್ಕದಲ್ಲಿ ಟೆರೆಬಿಂತಸ್ ಬೇರು ಎಲ್ಲಕ್ಕಿಂತ ಗಟ್ಟಿ, ಅದರ ಹಿಂದೆ ಅಟ್ಲಾಂಟಿಕಾ, ನಂತರ ಯುಸಿಬಿ-1 ಎಂಬ ಮಿಶ್ರತಳಿ, ಕೊನೆಗೆ ಇಂಟೆಗೆರಿಮಾ. ವರ್ಟಿಸಿಲಿಯಂ ತಡೆಯುವ ಲೆಕ್ಕದಲ್ಲಿ ಈ ಪಟ್ಟಿ ಹೆಚ್ಚುಕಡಿಮೆ ತಲೆಕೆಳಗು. ಟೆರೆಬಿಂತಸ್ ಸತುವನ್ನು ಚೆನ್ನಾಗಿ ಹೀರುತ್ತದೆ, ಕಲ್ಲುನೆಲದಲ್ಲೂ ಬದುಕುತ್ತದೆ, ಬ್ರೊಂಟೆಯ ಮರಗಳು ನಿಂತಿರುವುದು ಇದರ ಬೇರಿನ ಮೇಲೆಯೇ. ಆದರೆ ನಿಧಾನ, ಸಸಿಯಿಂದ ಸಸಿಗೆ ಬೆಳವಣಿಗೆಯಲ್ಲಿ ವ್ಯತ್ಯಾಸ. ಇಂಟೆಗೆರಿಮಾ ರಭಸದಿಂದ ಬೆಳೆಯುತ್ತದೆ, ಶಿಲೀಂಧ್ರಕ್ಕೆ ಬಗ್ಗುವುದಿಲ್ಲ, ಗಟ್ಟಿ ಹಿಮಕ್ಕೆ ಬಗ್ಗುತ್ತದೆ. ಯುಸಿಬಿ-1 ಅಟ್ಲಾಂಟಿಕಾ ತಾಯಿ, ಇಂಟೆಗೆರಿಮಾ ತಂದೆಯ ಮಿಶ್ರತಳಿ. ವೇಗ, ಉಪ್ಪು ಸಹನೆ, ರೋಗ ಸಹನೆ ಮೂರೂ ಇವೆ. ಹತ್ತಿ ಬೆಳೆದ ನೆಲ, ಮಧ್ಯಮ ಚಳಿ ಇದ್ದರೆ ಬೇರೆ ಯೋಚನೆಯೇ ಬೇಡ. ಹೊಸ ನೆಲ, ಕಡು ಚಳಿ, ನೀರು ಕಡಿಮೆ, ಕಾಯುವ ತಾಳ್ಮೆ ಇದ್ದರೆ ನನ್ನ ಮತ ಟೆರೆಬಿಂತಸ್‌ಗೆ. ಇರಾನಿನಲ್ಲಿ ವೆರಾದ್ದೇ ಬೀಜದ ಸಸಿಗೆ ಕಸಿ ಕಟ್ಟುವ ರೂಢಿ ಉಂಟು, ಆದರೆ ಅದು ಬುಡಕೊಳೆ ತರುವ ಫೈಟಾಫ್ತರಾಗೆ ಸುಲಭದ ತುತ್ತು.

ಕಸಿಯ ಕೆಳಗಿನಿಂದ ಚಿಗುರು ಬಂದರೆ ಕೂಡಲೇ ಮುರಿಯಿರಿ. ಗುರುತು ಹಿಡಿಯುವುದು ಎಲೆಯಿಂದ: ವೆರಾದ ಎಲೆಯಲ್ಲಿ ಅಗಲವಾದ, ದುಂಡನೆಯ ಮೂರರಿಂದ ಐದು ಎಲೆಕಿರುಗಳು. ಬೇರಿನ ಚಿಗುರಿನಲ್ಲಿ ಅವು ಕಿರಿದು, ಸಂಖ್ಯೆ ಹೆಚ್ಚು. ಒಂದು ವರ್ಷ ನಿರ್ಲಕ್ಷಿಸಿದರೆ ಆ ಚಿಗುರೇ ಮರವಾಗಿ ಮೇಲಿನ ಪಿಸ್ತಾ ಸೊರಗುತ್ತದೆ. ಕುಂಡದಲ್ಲಿ ಬೆಳೆದ ಸಸಿಯ ತಾಯಿಬೇರು ಸುತ್ತಿಕೊಂಡಿದೆಯೇ ಎಂದು ಕೊಳ್ಳುವ ಮುನ್ನವೇ ನೋಡಿ. ಸುತ್ತಿದ ಬೇರು ನೆಲಕ್ಕೆ ಹೋದ ಮೇಲೆ ಬಿಚ್ಚಿಕೊಳ್ಳುವುದಿಲ್ಲ.

ಮಸ್ತಗಿ: ಅಂಟಿಗಾಗಿ ನೆಡುವವರಿಗೆ

ಲೆಂಟಿಸ್ಕಸ್ ನಿತ್ಯಹಸಿರಿನ ಪೊದೆಗಿಡ, ಮೆಡಿಟರೇನಿಯನ್ ಸುತ್ತ ಎಲ್ಲೆಲ್ಲೂ ಇದೆ. ಆದರೆ ಹನಿಹನಿಯಾಗಿ ಗಟ್ಟಿಯಾಗುವ ಮಸ್ತಗಿ ಹೇರಳವಾಗಿ ಸಿಗುವುದು ಗ್ರೀಸಿನ ಖಿಯೋಸ್ ದ್ವೀಪದ ತೆಂಕಣ ಹಳ್ಳಿಗಳಲ್ಲಿ, ಕಿಯಾ ಎಂಬ ಬಗೆಯಿಂದ. ತಲೆಮಾರುಗಳಿಂದ ಆರಿಸಿ, ಕಡ್ಡಿ ನೆಟ್ಟು ಮುಂದುವರಿಸಿದ, ಹೆಚ್ಚಾಗಿ ಗಂಡು ಗಿಡಗಳು. ಕಾಡಿನ ಲೆಂಟಿಸ್ಕಸ್ ತಂದು ನೆಟ್ಟು ಕೊಯ್ದರೆ ಅಂಟಿನ ಆಸೆ ಈಡೇರುವುದಿಲ್ಲ. ಆ ಗಿಡದ ನಿಜವಾದ ಉಪಯೋಗ ಬೇಲಿ, ಕಾಯಿಯ ಎಣ್ಣೆ.

ಚಳಿಯ ಗಂಟೆಗಳ ಚಿಂತೆ ಇಲ್ಲಿಲ್ಲ. ತದ್ವಿರುದ್ಧವಾಗಿ, ಗಟ್ಟಿ ಹಿಮ ಬಿದ್ದರೆ ಗಿಡ ಸುಡುತ್ತದೆ. ಬೇಕಾದ್ದು ಮೃದು ಚಳಿಗಾಲ ಮತ್ತು ಜುಲೈನಿಂದ ಸೆಪ್ಟೆಂಬರ್ ತನಕ ಒಂದು ಹನಿಯೂ ಬೀಳದ ಆಕಾಶ. ಕೆಲಸದ ಬಗೆ ಹೀಗಿದೆ. ಬೇಸಿಗೆಯ ಮೊದಲಲ್ಲಿ ಗಿಡದ ಬುಡ ಕೆರೆದು, ಗುಡಿಸಿ, ಸಮ ಮಾಡಿ, ಮೇಲೆ ಬಿಳಿ ಸುಣ್ಣಕಲ್ಲಿನ ನುಣ್ಣನೆ ಪುಡಿ ಹರಡುತ್ತಾರೆ. ನಂತರ ಮೊನಚಾದ ಸಣ್ಣ ಉಳಿಯಿಂದ ಕಾಂಡ, ದಪ್ಪ ಕೊಂಬೆಗಳ ತೊಗಟೆಯಲ್ಲಿ ಚಿಕ್ಕ ಚಿಕ್ಕ ಗೀರು. ಗೀರು ಮರದ ತಿರುಳಿಗೆ ತಾಗಬಾರದು, ಎಳೆ ಗಿಡಕ್ಕೆ ಕಡಿಮೆ, ಬಲಿತದ್ದಕ್ಕೆ ಹೆಚ್ಚು. ಒಸರಿದ ಅಂಟು ಕಣ್ಣೀರಿನಂತೆ ಇಳಿದು ಬಿಳಿ ಪುಡಿಯ ಮೇಲೆ ಬೀಳುತ್ತದೆ. ಮೊದಲು ಮಂಜುಮಂಜಾಗಿ, ಹದಿನೈದಿಪ್ಪತ್ತು ದಿನಕ್ಕೆ ಗಾಜಿನಂತೆ ಗಟ್ಟಿಯಾಗಿ. ಆಗ ಬೆಳಗಿನ ತಂಪಿನಲ್ಲಿ ಎತ್ತಬೇಕು, ಬಿಸಿಲೇರಿದರೆ ಮೆತ್ತಗಾಗಿ ಬೆರಳಿಗೇ ಅಂಟುತ್ತದೆ. ಆಮೇಲೆ ಜರಡಿ, ತೊಳೆತ, ಒಂದೊಂದು ಹನಿಯನ್ನೂ ಚಿಕ್ಕ ಚಾಕುವಿನಿಂದ ಕೆರೆದು ಶುಚಿ ಮಾಡುವುದು. ಈ ಕೊನೆಯ ಕೆಲಸವೇ ಚಳಿಗಾಲವನ್ನೆಲ್ಲ ನುಂಗುತ್ತದೆ.

ಇಷ್ಟಕ್ಕೆ ಬಲಿತ ಒಂದು ಗಿಡ ವರ್ಷಕ್ಕೆ ಕೊಡುವುದು ಸರಾಸರಿ 150ರಿಂದ 200 ಗ್ರಾಂ ಆಸುಪಾಸು. ಶುರುವಾಗುವುದು ಐದಾರನೆಯ ವರ್ಷಕ್ಕೆ. ಕೊಯ್ಲಿನ ನಡುವೆ ಒಂದು ಮಳೆ ಬಂದರೆ ಪುಡಿ ಕೆಸರಾಗಿ, ಹನಿಗೆ ಮೆತ್ತಿ, ಬೆಲೆ ಬಿದ್ದುಹೋಗುತ್ತದೆ. ಬೆಂಕಿಯ ಭಯ ಬೇರೆ: 2012ರ ಆಗಸ್ಟ್‌ನ ಕಾಡುಗಿಚ್ಚು ಖಿಯೋಸ್‌ನ ಎಷ್ಟೋ ಮಸ್ತಗಿ ತೋಟಗಳನ್ನು ಸುಟ್ಟಿತು. ಖಿಯೋಸ್ ಮಸ್ತಗಿ ಎಂಬ ಹೆಸರಿಗೆ ಐರೋಪ್ಯ ಒಕ್ಕೂಟದಲ್ಲಿ 1997ರಿಂದ ಮೂಲಸ್ಥಾನದ ರಕ್ಷಣೆ ಇದೆ. ಬೇರೆ ಕಡೆ ಬೆಳೆದದ್ದನ್ನು ಆ ಹೆಸರಿನಲ್ಲಿ ಅಲ್ಲಿ ಮಾರುವಂತಿಲ್ಲ. ಆ ಬೆಳೆಗಾರಿಕೆಯ ಅರಿವನ್ನು ಯುನೆಸ್ಕೊ 2014ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿದೆ. ಹೊರಗಿನವರಿಗೆ ಇದು ಆದಾಯದ ಬೆಳೆಯಾಗುವುದು ಕಷ್ಟ. ಹತ್ತಾರು ಗಿಡ, ಬಿಡುವಿರುವ ನಾಲ್ಕು ಕೈ, ಒಣ ಬೇಸಿಗೆ ಇದ್ದವರು ಮನೆಬಳಕೆಗೆ ಮಾಡಿಕೊಳ್ಳಬಹುದು.

ಗಿಡ ಬೇಡ, ಅಂಟು ಸಾಕು ಎನ್ನುವವರು ಕೊಳ್ಳುವಾಗ ಒಂದು ಹನಿ ಹಲ್ಲಿಗೆ ಹಾಕಿ ನೋಡಿ. ಅಸಲಿಯಾದರೆ ಮೊದಲು ಪಟಕ್ಕನೆ ಪುಡಿಯಾಗುತ್ತದೆ, ಸ್ವಲ್ಪ ಕಹಿ, ಅಗಿಯುತ್ತ ಹೋದಂತೆ ಒಂದುಗೂಡಿ ಬಿಳಿಯ ಮೆತ್ತನೆ ಉಂಡೆ. ಪುಡಿಪುಡಿಯಾಗಿಯೇ ಉಳಿದರೆ ಬೇರೆ ರಾಳ ಬೆರೆತಿದೆ. ಕುಟ್ಟುವ ಮೊದಲು ಫ್ರೀಜರಿನಲ್ಲಿಟ್ಟು, ಜತೆಗೆ ಒಂದು ಚಿಟಿಕೆ ಸಕ್ಕರೆ ಅಥವಾ ಉಪ್ಪು ಹಾಕಿ. ಇಲ್ಲದಿದ್ದರೆ ಕುಟ್ಟಾಣಿಯ ತಳಕ್ಕೆ ಮೆತ್ತಿ ಕೂರುತ್ತದೆ.

ಉಳಿದ ದಾಯಾದಿಗಳು

ಟೆರೆಬಿಂತಸ್ ಮತ್ತು ಅಟ್ಲಾಂಟಿಕಾ ನೆಡಬೇಕಾದ್ದು ಬೇರೆ ಏನೂ ಬಾರದ ಕಲ್ಲುಗುಡ್ಡದಲ್ಲಿ. ನೀರು, ಗೊಬ್ಬರ ಕೇಳುವುದಿಲ್ಲ, ಅವಸರವನ್ನೂ ಸಹಿಸುವುದಿಲ್ಲ. ಇವುಗಳ ರಾಳ ಬಹಳ ಹಿಂದಿನಿಂದ ವ್ಯಾಪಾರದಲ್ಲಿದೆ. ತುರ್ಕಿಯ ಕರಾವಳಿಯಲ್ಲಿ, ಕ್ರಿಸ್ತಪೂರ್ವ 14ನೆಯ ಶತಮಾನದ ಕೊನೆಯಲ್ಲಿ ಮುಳುಗಿದ ಉಲುಬುರುನ್ ಹಡಗಿನ ಜಾಡಿಗಳಲ್ಲಿ ಪಿಸ್ತಾಸಿಯಾ ರಾಳ ರಾಶಿಯಾಗಿ ಸಿಕ್ಕಿತು. ಕುರ್ದಿಸ್ತಾನದ ಬೆಟ್ಟಗಳಲ್ಲಿ ಅಟ್ಲಾಂಟಿಕಾದ ಕಾಂಡಕ್ಕೆ ಗೀರು ಹಾಕಿ, ಕೆಳಗೆ ಮಣ್ಣಿನ ಪುಟ್ಟ ಬಟ್ಟಲು ಮೆತ್ತಿ, ಸಕ್ಕೆಜ್ ಎಂಬ ಅಂಟು ಹಿಡಿಯುತ್ತಾರೆ. ಮಸ್ತಗಿಗಿಂತ ಮೆತ್ತಗೆ, ಅಗಿಯುವ ಅಂಟಿಗೆ ಹೆಸರುವಾಸಿ. ವರ್ಷವೂ ಬಿಡದೆ ಕೊಯ್ದರೆ ಮರ ಸೊರಗುತ್ತದೆ, ನಡುವೆ ವಿರಾಮ ಬೇಕು. ಟೆರೆಬಿಂತಸ್ ಕಾಯಿಯನ್ನು ತುರ್ಕಿಯಲ್ಲಿ ಹುರಿದು ಅರೆದು ಮೆನೆಂಗಿಚ್ ಕಾಫಿ ಮಾಡುತ್ತಾರೆ, ಕೆಫೀನ್ ಇಲ್ಲದ್ದು. ಕಾಯಿ ಆರಿಸುವಾಗ ಬಣ್ಣ ನೋಡಿ: ಕೆಂಪಾಗಿಯೇ ಉಳಿದದ್ದು ಜಳ್ಳು, ನೀಲಿಹಸಿರಿಗೆ ತಿರುಗಿದ್ದರಲ್ಲಿ ಬೀಜ.

ಇಂಟೆಗೆರಿಮಾದ ಎಲೆಗಳ ಮೇಲೆ ಏಡಿಯ ಕೋಡಿನಂಥ ಟೊಳ್ಳು ಗಂಟುಗಳು ಬೆಳೆದರೆ ಗಾಬರಿ ಬೇಡ. ಗಿಡಹೇನು ಕಟ್ಟಿಸಿದ ಆ ಗಂಟೇ ಆಯುರ್ವೇದದ ಕರ್ಕಟಶೃಂಗಿ, ಚ್ಯವನಪ್ರಾಶಕ್ಕೂ ಬೀಳುತ್ತದೆ. ಆದರೆ ಗಂಟಿಗಾಗಿಯೇ ತೋಟ ಮಾಡಲಾಗದು. ಹೇನು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ.

ನೆರಳು, ರಸ್ತೆಬದಿ, ಶರತ್ಕಾಲದ ಕೆಂಪು ಎಲೆ ಇಷ್ಟೇ ಬೇಕಿದ್ದರೆ ಚೈನೆನ್ಸಿಸ್. ಇದರ ಕಾಯಿ ತಿನ್ನಲು ಬಾರದು, ನೆಲದ ಮೇಲೆ ಬಿದ್ದು ರಂಪ. ಗಂಡು ಗಿಡವನ್ನೇ ಕೇಳಿ ತನ್ನಿ, ಕೀತ್ ಡೇವಿ ಎಂಬ ಕಸಿ ತಳಿ ಗಂಡು. ಬೀಜದ ಸಸಿಗಳಲ್ಲಿ ಎಲೆಯ ಬಣ್ಣ ಒಂದೊಂದಕ್ಕೆ ಒಂದೊಂದು ಥರ. ಎಲೆ ಕೆಂಪೇರುವ ತಿಂಗಳಲ್ಲೇ ನರ್ಸರಿಗೆ ಹೋಗಿ ಕಣ್ಣಾರೆ ಕಂಡು ತರುವುದು ಕ್ಷೇಮ.

ಯಾರಿಗೆ ಯಾವುದು

ಅತಿ ಬೆಚ್ಚಗಿನ ಚಳಿಗಾಲದಲ್ಲೂ 900 ಗಂಟೆ ದಾಟುವ, ಬೇಸಿಗೆ ಒಣಗಿರುವ ನೆಲ, ಹತ್ತು ವರ್ಷ ಆದಾಯವಿಲ್ಲದೆ ತೂಗಿಸುವ ಬಲ, ಸುಲಿಯುವ ಒಣಗಿಸುವ ಯಂತ್ರ ಅಥವಾ ಒಂದು ದಿನದೊಳಗೆ ತಲುಪಬಹುದಾದ ಸಂಸ್ಕರಣಾ ಘಟಕ, ಇವೆಲ್ಲ ಇದ್ದರೆ ಪಿಸ್ತಾ. ಗಂಟೆಗಳು ಸ್ವಲ್ಪ ಕಡಿಮೆ ಬಿದ್ದರೆ ಗೋಲ್ಡನ್ ಹಿಲ್ಸ್ ಮತ್ತು ರ‍್ಯಾಂಡಿ, ಆಗಲೂ ಮೊದಲು ಹತ್ತು ಮರ ಹಾಕಿ ನೋಡಿ. ಯಂತ್ರದ ಹಣವಿಲ್ಲದವರು ನಾಲ್ಕೈದು ಹೆಣ್ಣಿಗೆ ನಿಲ್ಲಿಸಿ. ಒಂದು ಸಂಜೆಯಲ್ಲಿ ಕೈಯಿಂದ ಸುಲಿಯಬಹುದಾದಷ್ಟೇ ಕೀಳುತ್ತ ಹೋದರೆ ಕಲೆ ಹತ್ತುವುದಿಲ್ಲ. ಚಳಿಯೇ ಬಾರದ, ಬೇಸಿಗೆಯಲ್ಲಿ ಮಳೆ ಸುರಿಯುವ ಕಡೆ ಪಿಸ್ತಾಕ್ಕೂ ಮಸ್ತಗಿಗೂ ಹಣ ಹಾಕಬೇಡಿ, ಮರ ಎಲೆ ಬಿಟ್ಟು ನಿಂತಿರುತ್ತದೆ, ಅಷ್ಟೆ. ಬರಡು ಗುಡ್ಡ, ಕಡು ಚಳಿ, ಕೈಯಲ್ಲಿ ಹಣ ಕಡಿಮೆ ಇದ್ದವರು ಟೆರೆಬಿಂತಸ್ ಅಥವಾ ಅಟ್ಲಾಂಟಿಕಾ ಬೀಜದಿಂದಲೇ ಎಬ್ಬಿಸಿಕೊಳ್ಳಲಿ. ಮುಂದೆಂದಾದರೂ ಅದೇ ಬೇರಿನ ಮೇಲೆ ಪಿಸ್ತಾ ಕಸಿ ಕಟ್ಟುವ ದಾರಿ ತೆರೆದೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಗೋಡಂಬಿ ತಿಂದರೆ ಅಲರ್ಜಿ ಆಗುವವರು ಮನೆಯಲ್ಲಿದ್ದರೆ ಪಿಸ್ತಾವೂ ಅವರಿಗೆ ಆಗದಿರುವ ಸಂಭವ ಹೆಚ್ಚು. ಸಸಿ ತರುವ ಮೊದಲೇ ವೈದ್ಯರನ್ನು ಕೇಳಿ.